ಲಾರಿ ಎಳೆಯುವ ಲಾರಿ

ಇಷ್ಟು ದಿನ ಇಲ್ಲಿ ಏನೂ ಬರೆಯದೇ ಇದ್ದುದಕ್ಕೆ ಕಾರಣ ಒಂದು ಲಾರಿ. ಹತ್ತು ತಿಂಗಳಿಂದ ನನ್ನ ಕಂಪ್ಯೂಟರಿನೊಳಗೆ ನಿಂತಿದೆ. ಆಫೀಸಿನಿಂದ ಬಂದು, ಊಟ ಮುಗಿಸಿ, ರಾತ್ರಿ ಹತ್ತಕ್ಕೆ ಅದರ ಮುಂದೆ ಕೂತರೆ ಹನ್ನೆರಡೂವರೆ ಆಗಿದ್ದೇ ಗೊತ್ತಾಗುವುದಿಲ್ಲ. ರೂಮ್‌ಮೇಟ್ ಮೊದಮೊದಲು ಹಿಂದೆ ನಿಂತು ಕುತೂಹಲದಿಂದ ನೋಡುತ್ತಿದ್ದ. ಈಗ "ನಿನ್ನ ಲಾರಿ ಗ್ಯಾರೇಜಿಂದ ಹೊರಗೆ ಬಂತಾ?" ಅಂತ ಒಂದು ಮಾತು ಕೇಳಿ ಮಲಗಿಬಿಡುತ್ತಾನೆ.

ಬರೀ ಲಾರಿ ಅಲ್ಲ, ಲಾರಿ ಎಳೆಯುವ ಲಾರಿ. ಬೆಂಗಳೂರಿನವರಿಗೆ ಟೋಯಿಂಗ್ ಅಂದ ತಕ್ಷಣ ನೋ ಪಾರ್ಕಿಂಗಿನಿಂದ ಎತ್ತಿಕೊಂಡು ಹೋದ ತಮ್ಮ ಬೈಕ್ ನೆನಪಾಗಿ ಹೊಟ್ಟೆ ಉರಿಯುತ್ತದೆ. ಇದು ಅದಲ್ಲ. ಇದರ ಹೆಸರು ಡೈಮಂಡ್ ಟಿ 969. ಎರಡನೇ ಮಹಾಯುದ್ಧದ ಕಾಲದಲ್ಲಿ ಷಿಕಾಗೋದ ಡೈಮಂಡ್ ಟಿ ಕಂಪನಿ ಅಮೆರಿಕದ ಸೇನೆಗೆ ಮಾಡಿಕೊಟ್ಟ ಗಾಡಿ. ಕೆಟ್ಟು ನಿಂತ, ಗುಂಡಿಗೆ ಬಿದ್ದ, ಮಗುಚಿಕೊಂಡ ವಾಹನಗಳನ್ನು ಎತ್ತಿ ಎಳೆದು ತರುವುದು ಇದರ ಕೆಲಸ. ಮುಂದಿನ ಆಕ್ಸಲ್ಲಿಗೂ ಹಿಂದಿನ ಎರಡು ಆಕ್ಸಲ್ಲಿಗೂ ಎಂಜಿನ್ನಿನ ಶಕ್ತಿ ಹೋಗುತ್ತದೆ. ಎಂಜಿನ್ ಹರ್ಕ್ಯುಲಿಸ್ ಕಂಪನಿಯದು, ಆರು ಸಿಲಿಂಡರ್, 8.7 ಲೀಟರಿನ ಪೆಟ್ರೋಲ್ ಎಂಜಿನ್. ಅಷ್ಟು ದೊಡ್ಡ ಎಂಜಿನ್ನಿನಿಂದ ಬರುತ್ತಿದ್ದದ್ದು 106 ಅಶ್ವಶಕ್ತಿ! ಇವತ್ತಿನ 1.2 ಲೀಟರಿನ ಪುಟ್ಟ ಕಾರುಗಳಲ್ಲೇ 80-90 ಇರುತ್ತೆ. ಆದರೆ ಇದಕ್ಕೆ ಓಡುವ ಅವಸರ ಇರಲಿಲ್ಲ ಬಿಡಿ. ನಿಧಾನಕ್ಕೆ ನಿಂತು ಎಳೆಯುವ ಪ್ರಾಣಿ ಇದು, ಕುದುರೆಗಿಂತ ಎತ್ತು ಅನ್ನಬೇಕು.

ಬೆನ್ನ ಮೇಲಿರುವ ಸಾಮಗ್ರಿ ಮಾತ್ರ ಡೈಮಂಡ್ ಟಿಯದ್ದಲ್ಲ. ಅದು ಟೆನೆಸೀ ರಾಜ್ಯದ ಚಟ್ಟನೂಗ ಎಂಬ ಊರಿನ ಹೋಮ್ಸ್ ಕಂಪನಿಯದ್ದು, ಮಾದರಿ ಡಬ್ಲ್ಯೂ-45. ನನಗೆ ಈ ಹುಚ್ಚು ಹಿಡಿಸಿದ್ದು ನಿಜಕ್ಕೂ ಆ ಹೋಮ್ಸ್ ಕಥೆ. ಅರ್ನೆಸ್ಟ್ ಹೋಮ್ಸ್ ಅಂತ ಒಬ್ಬ ಗ್ಯಾರೇಜಿನವನು. 1916ರಲ್ಲಿ ಪರಿಚಯದವರೊಬ್ಬರ ಕಾರು ಹಳ್ಳಕ್ಕೆ ಬಿತ್ತು. ದಿಮ್ಮಿ, ಹಗ್ಗ, ಆರು ಜನ ಆಳುಗಳನ್ನು ಇಟ್ಟುಕೊಂಡು ಅದನ್ನು ಮೇಲೆತ್ತುವಷ್ಟರಲ್ಲಿ ಸಾಕೋ ಸಾಕಾಯಿತು. ಮನೆಗೆ ಬಂದು ಸುಮ್ಮನೆ ಮಲಗಲಿಲ್ಲ ಆಸಾಮಿ. ತನ್ನ 1913ರ ಕ್ಯಾಡಿಲ್ಯಾಕ್ ಕಾರಿನ ಹಿಂಭಾಗಕ್ಕೆ ಮೂರು ಕಂಬ ನಿಲ್ಲಿಸಿ, ಒಂದು ರಾಟೆ, ಒಂದು ಸರಪಳಿ ಕಟ್ಟಿದ. ಟೋ ಟ್ರಕ್ಕಿನ ವಂಶ ಶುರುವಾಗಿದ್ದು ಅಲ್ಲಿಂದ ಅಂತ ಹೇಳುತ್ತಾರೆ. ನಾನೂ ಸಾಫ್ಟ್‌ವೇರಿನವನು, ಒಂದೇ ಕೆಲಸವನ್ನು ಎರಡನೇ ಸಲ ಕೈಯಲ್ಲಿ ಮಾಡಬೇಕಾಗಿ ಬಂದರೆ ಸ್ಕ್ರಿಪ್ಟ್ ಬರೆಯುವ ಜಾತಿ. ಹೋಮ್ಸ್ ನಮ್ಮವನೇ ಅನ್ನಿಸಿತು :-)

ಹಾಗಾದರೆ ಆ ಕ್ಯಾಡಿಲ್ಯಾಕ್ ಬಿಟ್ಟು ಸೇನೆಯ ಲಾರಿ ಯಾಕೆ? ಕಾರಣ ತೀರಾ ಸರಳ. ಸೇನೆಯ ಲಾರಿಗೆ ಪುಸ್ತಕಗಳಿವೆ. ಅಮೆರಿಕದ ಸರಕಾರ ತಾನೇ ತಯಾರಿಸಿದ ಪುಸ್ತಕಗಳಿಗೆ ಅಲ್ಲಿ ಕಾಪಿರೈಟ್ ಇರುವುದಿಲ್ಲ. ಹಾಗಾಗಿ ಯುದ್ಧಕಾಲದ ಆ ಟೆಕ್ನಿಕಲ್ ಮ್ಯಾನ್ಯುಯಲ್‌ಗಳನ್ನು ಯಾರ್ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಯಾವ ನಟ್ಟು ಯಾವ ಸ್ಪ್ಯಾನರಿಗೆ, ಯಾವ ನಿಪ್ಪಲ್ಲಿಗೆ ಎಷ್ಟು ದಿನಕ್ಕೊಮ್ಮೆ ಗ್ರೀಸು, ಎಲ್ಲ ಚಿತ್ರ ಸಮೇತ ಇದೆ. ಹದಿನೆಂಟು ವರ್ಷದ ರೈತರ ಮಕ್ಕಳು ಓದಿ ಅರ್ಥ ಮಾಡಿಕೊಳ್ಳಲಿ ಅಂತ ಬರೆದ ಪುಸ್ತಕಗಳು ಅವು. ನಮ್ಮ ಆಫೀಸಿನ ಯಾವ ಡಾಕ್ಯುಮೆಂಟೂ ಅದರ ಕಾಲು ಭಾಗದಷ್ಟು ಸ್ಪಷ್ಟವಾಗಿಲ್ಲ.

ಕಟ್ಟಿದ್ದು ಬ್ಲೆಂಡರ್‌ನಲ್ಲಿ. ಗೊತ್ತಿಲ್ಲದವರಿಗೆ: ಅದು ಮೂರು ಆಯಾಮದ ಚಿತ್ರ ಮಾಡುವ ಮುಕ್ತ ತಂತ್ರಾಂಶ. ಅದನ್ನು ಹುಟ್ಟುಹಾಕಿದ ಟೋನ್ ರೋಸೆಂಡಾಲ್, ಕಂಪನಿ ಮುಚ್ಚಿದ ಮೇಲೆ 2002ರಲ್ಲಿ ಬಳಕೆದಾರರಿಂದಲೇ ಒಂದು ಲಕ್ಷ ಯೂರೋ ಚಂದಾ ಎತ್ತಿ ಅದರ ಸೋರ್ಸ್ ಕೋಡನ್ನು ಬಿಡಿಸಿಕೊಂಡ ಕಥೆ ಇನ್ನೊಂದು ದಿನ ಬರೆಯುವಷ್ಟಿದೆ.

ಮೊದಲ ನಾಲ್ಕು ತಿಂಗಳು ಸುಖ. ಇಂಚನ್ನು ಮಿಲಿಮೀಟರ್ ಮಾಡುವುದು, ಚಾಸಿ ಎಳೆಯುವುದು, ಟೈರಿನ ಹಲ್ಲು ಕೊರೆಯುವುದು. ಯುದ್ಧದ ಮೊದಲರ್ಧದ ಗಾಡಿಗಳಿಗೆ ಮುಚ್ಚಿದ ಕ್ಯಾಬಿನ್ ಇತ್ತು, ಆಮೇಲಿನವಕ್ಕೆ ಮೇಲೆ ಕ್ಯಾನ್ವಾಸ್ ಹೊದಿಕೆಯ ತೆರೆದ ಕ್ಯಾಬಿನ್ ಬಂತು. ನಾನು ತೆರೆದದ್ದನ್ನು ಆರಿಸಿಕೊಂಡೆ, ಒಳಗಿನ ಗೇರಿನ ಕೋಲುಗಳು ಕಾಣಲಿ ಅಂತ. ಗೆಳೆಯರಿಗೆ ಚಿತ್ರ ಕಳಿಸಿದರೆ "ಫೋಟೋನಾ?" ಅಂದರು. ಒಂದು ವಾರ ಅದೇ ಅಮಲಿನಲ್ಲಿದ್ದೆ.

ಆದರೆ ನನಗೆ ಬೇಕಿದ್ದದ್ದು ಕೆಲಸ ಮಾಡುವ ಲಾರಿ. ಕೆಲಸ ಮಾಡುವುದು ಅಂದರೆ ಏನು? ಸ್ಟೀರಿಂಗ್ ತಿರುಗಿಸಿದರೆ ಚಕ್ರ ತಿರುಗಿದರೆ ಸಾಕಾ? ಅದು ಆಟಿಕೆಯೂ ಮಾಡುತ್ತೆ. ನಾನು ಹಾಕಿಕೊಂಡ ಲೆಕ್ಕ ಇದು: ಗುಂಡಿಯಲ್ಲಿ ಬಿದ್ದ ಇನ್ನೊಂದು ಲಾರಿಯನ್ನು ಇದು ಎಳೆಯಬೇಕು, ಎಳೆಯುವಾಗ ನಿಜವಾದ ಲಾರಿಗೆ ಏನೇನು ಆಗುತ್ತಿತ್ತೋ ಅದೆಲ್ಲ ಇದಕ್ಕೂ ಆಗಬೇಕು. ನಾನು ಕೀ-ಫ್ರೇಮ್ ಹಾಕಿ ಕುಣಿಸಬಾರದು. ತೂಕ, ಘರ್ಷಣೆ, ಎಳೆತ ಇಷ್ಟೇ ಕುಣಿಸಬೇಕು.

ಅಲ್ಲಿಂದ ಶುರುವಾಯಿತು ನೋಡಿ ತಮಾಷೆ.

ಹಗ್ಗದ ವಿಷಯ ತಗೊಳ್ಳಿ. ಉಕ್ಕಿನ ತಂತಿ ಹಗ್ಗ. ಬ್ಲೆಂಡರ್ ಒಳಗಿರುವ ಬುಲೆಟ್ ಎಂಬ ಭೌತಶಾಸ್ತ್ರದ ಎಂಜಿನ್ನಿಗೆ ಹಗ್ಗ ಅಂದರೆ ಗೊತ್ತಿಲ್ಲ. ಚಿಕ್ಕ ಚಿಕ್ಕ ತುಂಡುಗಳನ್ನು ಸರಪಳಿಯ ಹಾಗೆ ಪೋಣಿಸಿಕೊಡಬೇಕು. ಆದರೆ ನೂರೈವತ್ತು ಗ್ರಾಂ ತುಂಡುಗಳ ಸಾಲು ಹತ್ತು ಟನ್ನಿನ ಲಾರಿಯನ್ನು ಎಳೆಯಬೇಕು ಅಂದಾಗ ಆ ಎಂಜಿನ್ ತಬ್ಬಿಬ್ಬಾಗುತ್ತದೆ. ಹಗುರವಾದದ್ದು ಮತ್ತು ತೀರಾ ಭಾರವಾದದ್ದು ಒಂದಕ್ಕೊಂದು ಕಟ್ಟಿಕೊಂಡರೆ ಅದರ ಲೆಕ್ಕ ಸುಲಭಕ್ಕೆ ಕೂಡುವುದಿಲ್ಲ. ಹಗ್ಗ ರಬ್ಬರಿನ ಹಾಗೆ ಹಿಗ್ಗುತ್ತೆ, ಇಲ್ಲವೇ ದೆವ್ವ ಹಿಡಿದವರ ಹಾಗೆ ನಡುಗುತ್ತೆ. ಹಾಗಾಗಿ ಆ ದಾರಿ ಬಿಟ್ಟು ಪೈಥಾನಿನಲ್ಲಿ ನನ್ನದೇ ಲೆಕ್ಕ ಬರೆದೆ. ಇಡೀ ಹಗ್ಗ ಒಂದೇ ಒಂದು ಗಟ್ಟಿ ಸ್ಪ್ರಿಂಗ್. ಬಿಗಿಯಾದಾಗ ಮಾತ್ರ ಎಳೆಯುತ್ತೆ, ಸಡಿಲವಾದಾಗ ಏನೂ ಮಾಡಲ್ಲ. ಹಗ್ಗದಿಂದ ಎಳೆಯಬಹುದೇ ಹೊರತು ತಳ್ಳೋಕೆ ಆಗಲ್ಲ ಅನ್ನುವುದನ್ನು ಕಂಪ್ಯೂಟರಿಗೆ ಪ್ರತ್ಯೇಕವಾಗಿ ಹೇಳಿಕೊಡಬೇಕು ಸ್ವಾಮಿ.

ವಿಂಚಿನ ಡ್ರಮ್ಮಿನದ್ದು ಇನ್ನೊಂದು ಮಜಾ. ಹಗ್ಗ ಸುತ್ತಿಕೊಳ್ಳುತ್ತಾ ಹೋದ ಹಾಗೆ ಪದರದ ಮೇಲೆ ಪದರ ಬಂದು ಡ್ರಮ್ಮು ದಪ್ಪ ಆಗುತ್ತದೆ. ದಪ್ಪ ಆದಷ್ಟೂ ಹಗ್ಗ ವೇಗವಾಗಿ ಬರುತ್ತೆ, ಆದರೆ ಎಳೆಯುವ ಬಲ ಕಡಿಮೆ. ಅಂದರೆ ಹಗ್ಗವನ್ನೆಲ್ಲ ಬಿಚ್ಚಿ ಡ್ರಮ್ಮಿನ ಮೇಲೆ ಒಂದೇ ಪದರ ಉಳಿದಿರುವಾಗಲೇ ವಿಂಚಿಗೆ ಹೆಚ್ಚು ಶಕ್ತಿ. ಹತ್ತಿರ ಬಂದ ಭಾರ ಸುಲಭ ಅಂತ ಅಂದುಕೊಳ್ಳುತ್ತೇವೆ, ಯಂತ್ರಕ್ಕೆ ಅದು ಕಷ್ಟ. ಇದನ್ನು ನಾನು ಬರೆದು ಹಾಕಿದ್ದಲ್ಲ, ವ್ಯಾಸ ಬದಲಾಗುವ ಹಾಗೆ ಮಾಡಿದ ತಕ್ಷಣ ತಾನಾಗೇ ಬಂತು.

ಈಗ ಆ ಎರಡು ತೋಳುಗಳ ವಿಷಯಕ್ಕೆ ಬರುತ್ತೇನೆ. ಹೋಮ್ಸ್ ಸಾಮಗ್ರಿಯ ಚಿತ್ರ ನೋಡಿದರೆ ಬೆನ್ನ ಮೇಲೆ ಎರಡು ಉದ್ದನೆಯ ತೋಳುಗಳು ಕಾಣುತ್ತವೆ. ಎರಡನ್ನೂ ಹಿಂದಕ್ಕೆ ಜೋಡಿಸಿ ನಿಲ್ಲಿಸಬಹುದು, ಬೇಕಾದರೆ ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ತಿರುಗಿಸಬಹುದು. ಪ್ರತಿಯೊಂದಕ್ಕೂ ಬೇರೆ ವಿಂಚು, ಬೇರೆ ಹಗ್ಗ, ಒಂದೊಂದಕ್ಕೂ ಐದು ಅಮೆರಿಕನ್ ಟನ್ (ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಟನ್) ಸಾಮರ್ಥ್ಯ. ಯಾಕೆ ಎರಡು? ಒಂದೇ ದೊಡ್ಡದು ಇದ್ದಿದ್ದರೆ ಆಗುತ್ತಿರಲಿಲ್ವಾ? ಚಿತ್ರ ಬಿಡಿಸುವಾಗ ನನಗೆ ಅದೊಂದು ಅಂದದ ವಿಷಯವಾಗಿತ್ತು ಅಷ್ಟೆ.

ಉತ್ತರ ನೋಡಬೇಕು ಅಂತಲೇ ಒಂದು ರಾತ್ರಿ ಒಂದೇ ತೋಳಿನಿಂದ ಪಕ್ಕಕ್ಕೆ ಎಳೆಸಿದೆ. ರಸ್ತೆಯ ಬದಿಯ ಇಳಿಜಾರಿನಲ್ಲಿ ಬಿದ್ದ ಲಾರಿ, ರಸ್ತೆಯ ಮೇಲೆ ನಮ್ಮ 969. ನೀವೂ ಬೆರಳಲ್ಲಿ ಲೆಕ್ಕ ಹಾಕಿ. ಗಾಡಿ ಸುಮಾರು ಹತ್ತು ಟನ್. ಮಧ್ಯದಿಂದ ಪಕ್ಕದ ಚಕ್ರಕ್ಕೆ ಸುಮಾರು ಒಂದು ಮೀಟರ್. ಅಂದರೆ ನೆಟ್ಟಗೆ ನಿಲ್ಲಿಸುವ ಬಲ ಹತ್ತು ಟನ್-ಮೀಟರ್. ತೋಳಿನ ತುದಿ ನೆಲದಿಂದ ಮೂರು ಮೀಟರ್ ಎತ್ತರ ಅಂತ ಇಟ್ಟುಕೊಂಡರೆ, ಅಡ್ಡ ಎಳೆತ ಮೂರೂಕಾಲು ಟನ್ ದಾಟುತ್ತಿದ್ದ ಹಾಗೆ ಗಾಡಿ ಮಗುಚಬೇಕು. ಪರದೆಯಲ್ಲೂ ಅದೇ ಆಯಿತು. ಒಂದು ಕಡೆಯ ಚಕ್ರಗಳು ಮೆಲ್ಲಗೆ ನೆಲ ಬಿಟ್ಟವು, ಒಂದು ಕ್ಷಣ ಯೋಚನೆ ಮಾಡುವ ಹಾಗೆ ನಿಂತವು, ಆಮೇಲೆ ಎತ್ತಲು ಬಂದದ್ದೂ ಗುಂಡಿಗೆ.

ಈಗ ಎರಡನೇ ತೋಳನ್ನು ಆ ಕಡೆ ತಿರುಗಿಸಿ, ಅದರ ಹಗ್ಗವನ್ನು ರಸ್ತೆಯ ಆಚೆಯ ಮರಕ್ಕೆ ಕಟ್ಟಿ ಬಿಗಿ ಮಾಡಿದೆ. ಮತ್ತೆ ಎಳೆಸಿದೆ. ಗಾಡಿ ಅಲ್ಲಾಡಲಿಲ್ಲ. ಈ ಕಡೆಯ ಹಗ್ಗ ಎಷ್ಟು ಎಳೆಯುತ್ತೋ ಆ ಕಡೆಯ ಹಗ್ಗ ಅಷ್ಟೇ ಹಿಡಿದುಕೊಳ್ಳುತ್ತೆ, ನಡುವೆ ಲಾರಿ ಸುಮ್ಮನೆ ಕಂಬದ ಹಾಗೆ ನಿಂತಿರುತ್ತೆ. ಬಿದ್ದ ಲಾರಿ ಇಂಚಿಂಚೇ ಮೇಲೆ ಬಂತು. ರಾತ್ರಿ ಒಂದೂವರೆಯಲ್ಲಿ ರೂಮ್‌ಮೇಟನ್ನು ಎಬ್ಬಿಸಿ ತೋರಿಸಿದೆ. ಅವನು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆ ವಿಡಿಯೋವನ್ನು ಮಾರನೇ ದಿನ ಮಾವನಿಗೆ ಕಳಿಸಿದೆ. ನನ್ನ ಸೋದರಮಾವನದ್ದು ಸಕಲೇಶಪುರದ ಹತ್ತಿರ ಗ್ಯಾರೇಜು. ಈಗ ವಯಸ್ಸಾಯಿತು, ಅವರ ಮಗ ನೋಡಿಕೊಳ್ಳುತ್ತಾನೆ. ಮೊದಲೆಲ್ಲ ಶಿರಾಡಿ ಘಾಟಿಯಲ್ಲಿ ಲಾರಿ ಬಿದ್ದರೆ ಹೇಳಿ ಕಳಿಸುತ್ತಿದ್ದದ್ದು ಇವರಿಗೇ. ಇಂಥ ಗಾಡಿ ಎಲ್ಲಿಂದ ಬರಬೇಕು, ಚೈನ್ ಪುಲ್ಲಿ, ತಂತಿ ಹಗ್ಗ, ಎಳೆಯೋಕೆ ಇನ್ನೊಂದು ಲಾರಿ, ಇಷ್ಟೇ ಅವರ ಆಸ್ತಿ. ಬಾಯ್ತುಂಬ ಹೊಗಳುತ್ತಾರೆ ಅಂತ ಕಾದೆ. ಸಂಜೆ ಫೋನ್ ಬಂತು.

"ನೋಡ್ದೆ ಕಣೋ. ಚೆನ್ನಾಗ್ ಮಾಡಿದೀಯ. ಅಲ್ಲೊಬ್ಬ ನಿಂತವ್ನಲ್ಲ, ಯಾರದು?"

"ಯಾರು ಮಾವ?"

"ಹಗ್ಗದ್ ಪಕ್ಕ."

ಅದು ಗೊಂಬೆ. ಅಳತೆ ಗೊತ್ತಾಗಲಿ ಅಂತ ಐದೂವರೆ ಅಡಿಯ ಒಂದು ಬೂದು ಬಣ್ಣದ ಮನುಷ್ಯಾಕೃತಿಯನ್ನು ಈ ತರಹದ ಚಿತ್ರಗಳಲ್ಲಿ ನಿಲ್ಲಿಸುವುದು ರೂಢಿ. ಮುಖ ಇಲ್ಲ, ಬಟ್ಟೆ ಇಲ್ಲ. ಹಾಗಂತ ಹೇಳಿದೆ.

"ಗೊಂಬೆನೋ ಗಿಂಬೆನೋ, ಅವನ್ನ ಅಲ್ಲಿಂದ ಆಚೆ ಕಳ್ಸು ಮೊದ್ಲು."

ಆಮೇಲೆ ಹೇಳಿದರು. ಮಾವನ ಗ್ಯಾರೇಜಿನಲ್ಲಿ ಬೋಲ್ಟಣ್ಣ ಅಂತ ಒಬ್ಬರಿದ್ದರು. ರಜಕ್ಕೆ ಹೋದಾಗೆಲ್ಲ ನಾನು ಕೂರುತ್ತಿದ್ದದ್ದು ಅವರ ಪಕ್ಕ. ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಬೋಲ್ಟಿನ ಸೈಜು ಹೇಳುತ್ತಿದ್ದರು. ನನಗೂ ಕಲಿಸಿಕೊಟ್ಟಿದ್ದರು. ಒಂದು ಕಾಲು ಜೈಪುರದ್ದು. ಅದು ಮೊದಲಿಂದಲೂ ಹಾಗೇ ಇತ್ತು ಅನ್ನುವ ಹಾಗೆ ಮಕ್ಕಳಾದ ನಾವು ಯಾರೂ ಕೇಳಿರಲಿಲ್ಲ, ದೊಡ್ಡವರೂ ಹೇಳಿರಲಿಲ್ಲ. ಅವರು ಮೊದಲು ಮಾವನ ಜೊತೆ ಘಾಟಿಗೆ ಹೋಗುತ್ತಿದ್ದ ಹುಡುಗನಂತೆ. 1999ರ ಮಳೆಗಾಲ. ಅಡಿಕೆ ಲೋಡಿನ ಲಾರಿ. ಮೊದಲ ಎಳೆತಕ್ಕೇ ಹಗ್ಗ ಕಿತ್ತು ಬಂತು. ಆ ಹುಡುಗ ನಿಂತಿದ್ದದ್ದು ನನ್ನ ಗೊಂಬೆ ನಿಂತ ಜಾಗದಲ್ಲಿ.

"ಶಬ್ದ ಬಂದಿದ್ದು ಆಮೇಲೆ ಕಣೋ," ಅಂದರು ಮಾವ. "ಮೊದ್ಲು ಅವ್ನು ಬಿದ್ದ."

ಫೋನ್ ಇಟ್ಟ ಮೇಲೆ ಆ ರಾತ್ರಿ ಬಹಳ ಹೊತ್ತು ಲಾರಿ ತೆರೆಯಲಿಲ್ಲ. ಆಮೇಲೆ ತೆರೆದು, ಗೊಂಬೆಯನ್ನು ಸರಿಸದೆ, ಲೆಕ್ಕ ಹಾಕಲು ಕೂತೆ. ಅರ್ಧ ಇಂಚು ದಪ್ಪದ ತಂತಿ ಹಗ್ಗ, 30 ಮೀಟರ್ ಉದ್ದ, ನಾಲ್ಕೂವರೆ ಟನ್ ಎಳೆತ. ಅಷ್ಟಕ್ಕೆ ಹಗ್ಗ ಸುಮಾರು 23 ಸೆಂಟಿಮೀಟರ್ ಹಿಗ್ಗುತ್ತದೆ, ಒಂದು ಗೇಣು ಅನ್ನಿ. ಆ ಒಂದು ಗೇಣಿನಲ್ಲಿ ಕೂತಿರುವ ಶಕ್ತಿ ಸುಮಾರು 5000 ಜೌಲ್. 50 ಕೆಜಿ ಅಕ್ಕಿ ಮೂಟೆಯನ್ನು ಮೂರನೇ ಮಹಡಿಯಿಂದ ಕೆಳಗೆ ಬಿಟ್ಟರೆ ಇಷ್ಟು ಆಗುತ್ತೆ. ಒಳ್ಳೆಯ ಹೊಸ ಹಗ್ಗ ಈ ಎಳೆತದ ಎರಡರಷ್ಟನ್ನು ತಡೆಯುತ್ತದೆ. ತುಕ್ಕು ಹಿಡಿದು, ಹತ್ತಾರು ಎಳೆ ಕಿತ್ತು, ಗಂಟು ಬಿದ್ದ ಹಳೆಯ ಹಗ್ಗ ತಡೆಯಬೇಕೆಂದಿಲ್ಲ. ಕಡಿದಾಗ ಆ ಶಕ್ತಿಯನ್ನು 20 ಕೆಜಿ ತೂಗುವ ಇಡೀ ಹಗ್ಗಕ್ಕೆ ಹಂಚಿದರೂ ವೇಗ ಗಂಟೆಗೆ 80 ಕಿಲೋಮೀಟರ್ ಬರುತ್ತದೆ. ತುದಿ ಇನ್ನೂ ಜೋರು.

ನನ್ನ ಲಾರಿಯಲ್ಲಿ ಹಗ್ಗ ಕಡಿಯುವ ವ್ಯವಸ್ಥೆಯೇ ಇರಲಿಲ್ಲ. ಸ್ಪ್ರಿಂಗ್ ಎಷ್ಟಾದರೂ ಎಳೆಯಬಹುದಿತ್ತು. ಅದನ್ನು ಬರೆಯಲು ಮೂರು ವಾರ ಹಿಡಿಯಿತು. ಹಗ್ಗಕ್ಕೆ ಒಂದು ಮಿತಿ, ಮಿತಿ ದಾಟಿದರೆ ಎರಡು ತುಂಡು, ಪ್ರತಿ ತುಂಡೂ ತನ್ನ ಹಿಗ್ಗಿದ ಗೇಣನ್ನು ವಾಪಸು ತೆಗೆದುಕೊಳ್ಳಲು ಓಡಬೇಕು. ಸೆಕೆಂಡಿಗೆ 24 ಫ್ರೇಮ್. ಕಣ್ಣು ನೋಡಿ, ತಲೆಗೆ ತಿಳಿದು, ಕಾಲು ಅಲ್ಲಾಡಬೇಕಾದರೆ ಮನುಷ್ಯನಿಗೆ ಕಡಿಮೆ ಅಂದರೂ ಐದು ಫ್ರೇಮ್ ಬೇಕು. ಗೊಂಬೆಗೆ ಹಗ್ಗ ತಾಕಿದ್ದು ಮೂರನೇ ಫ್ರೇಮಿನಲ್ಲಿ. ಗೊಂಬೆಗೆ ತೂಕ ಕೊಟ್ಟಿರಲಿಲ್ಲವಾದ್ದರಿಂದ ಅದು ಬೀಳಲಿಲ್ಲ. ಹಗ್ಗ ಅದರ ಮಂಡಿಯ ಮೂಲಕ ಹಾದು ಹೋಯಿತು, ಗೊಂಬೆ ಹಾಗೇ ನಿಂತಿತ್ತು. ಅದನ್ನು ಎರಡನೇ ಸಲ ನೋಡಲು ಮನಸ್ಸಾಗಲಿಲ್ಲ.

ಅದಾದ ಮೇಲೆ ಆ ಹಳೆಯ ಮ್ಯಾನ್ಯುಯಲ್ ತೆರೆದರೆ ಅದು ಬೇರೆಯದೇ ಪುಸ್ತಕದ ಹಾಗೆ ಕಾಣತೊಡಗಿತು. ಸೇನೆಯ ಈ ಲಾರಿಗಳ ಮುಂದಿನ ಬಂಪರಿನಲ್ಲಿ ಇನ್ನೊಂದು ವಿಂಚಿರುತ್ತೆ. ಎಂಜಿನ್ನಿನಿಂದ ಅದಕ್ಕೆ ಶಕ್ತಿ ಒಯ್ಯುವ ಶಾಫ್ಟಿನಲ್ಲಿ ಒಂದು ಚಿಕ್ಕ ಪಿನ್ನು. ಶಿಯರ್ ಪಿನ್ ಅಂತಾರೆ. ಬೇಕೆಂದೇ ಮೆತ್ತನೆಯ ಲೋಹದಲ್ಲಿ ಮಾಡಿದ್ದು. ಭಾರ ಅತಿಯಾದರೆ ಮೊದಲು ಅದು ತುಂಡಾಗಬೇಕು, ಹಗ್ಗ ಅಲ್ಲ. ನಾನು ಅದನ್ನು ಒಂದು ಸಿಲಿಂಡರ್ ಅಂತ ಬಿಡಿಸಿ ಬಿಟ್ಟಿದ್ದೆ, ಹೊರಗೆ ಕಾಣುವ ಸಾಮಾನೇ ಅಲ್ಲ ಅದು. ಪದೇ ಪದೇ ತುಂಡಾಗುತ್ತೆ ಅಂತ ಆ ಜಾಗಕ್ಕೆ ಗಟ್ಟಿ ಬೋಲ್ಟು ತುರುಕುವವರು ಎಲ್ಲ ದೇಶದಲ್ಲೂ ಇರುತ್ತಾರೆ. ಈಗ ನನ್ನ ಲಾರಿಯಲ್ಲಿ ಆ ಪಿನ್ನು ನಿಜವಾಗಿ ತುಂಡಾಗುತ್ತದೆ. ಟಕ್ ಅಂತ ವಿಂಚು ನಿಂತುಬಿಡುತ್ತದೆ. ಇಡೀ ಗಾಡಿಯಲ್ಲಿ ನನಗೆ ಅತ್ಯಂತ ಇಷ್ಟದ ಭಾಗ ಈಗ ಅದೇ, ರಿವೆಟ್ಟುಗಳೂ ಅಲ್ಲ, ಮೂತಿಯ ಮೇಲಿನ ವಜ್ರದಾಕಾರದ ಲಾಂಛನವೂ ಅಲ್ಲ.

ಹೋಮ್ಸ್‌ನ ಊರು ಚಟ್ಟನೂಗದಲ್ಲಿ 1995ರಲ್ಲಿ ಟೋ ಟ್ರಕ್ಕುಗಳ ಮ್ಯೂಸಿಯಂ ಆಯಿತು. ಫೋಟೋಗಳಲ್ಲಿ ಫಳಫಳ ಹೊಳೆಯುವ ಹಳೆಯ ಗಾಡಿಗಳು. ಮೊದಲ ನಾಲ್ಕು ತಿಂಗಳು ನಾನು ಅವನ್ನೇ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದೆ. ಅದೇ ಮ್ಯೂಸಿಯಮ್ಮಿನ ಹೊರಗೆ ಒಂದು ಗೋಡೆ ಇದೆ, 2006ರಲ್ಲಿ ಕಟ್ಟಿದ್ದು. ಈ ಕೆಲಸ ಮಾಡುತ್ತಾ ಸತ್ತವರ ಹೆಸರುಗಳು ಅದರ ಮೇಲಿವೆ. ಹೆಸರುಗಳನ್ನು ಇನ್ನೂ ಸೇರಿಸುತ್ತಿದ್ದಾರೆ. ಕಾಲು ಹೋಗಿ ಕೌಂಟರಿನ ಹಿಂದೆ ಕೂತವರಿಗೆ ಎಲ್ಲೂ ಗೋಡೆ ಇದ್ದ ಹಾಗಿಲ್ಲ.

ಬೋಲ್ಟಣ್ಣ ಎರಡು ವರ್ಷದ ಹಿಂದೆ ತೀರಿಕೊಂಡರು. ಅವರಿಗೆ ಈ ಲಾರಿ ತೋರಿಸಿದ್ದರೆ ನಟ್ಟಿನ ಸೈಜು ತಪ್ಪಿದ್ದನ್ನು ಪರದೆ ಮುಟ್ಟಿಯೇ ಹೇಳುತ್ತಿದ್ದರೇನೋ.

ಕಳೆದ ಭಾನುವಾರ ಮಾವ ಮತ್ತೆ ಫೋನ್ ಮಾಡಿದ್ದರು. ಗೊಂಬೆ ಆಚೆ ಹೋಯಿತಾ ಅಂತ ವಿಚಾರಿಸಿಕೊಂಡರು. ಹಗ್ಗದ ಉದ್ದಕ್ಕಿಂತ ದೂರದಲ್ಲಿ, ಮರದ ಹಿಂದೆ ನಿಲ್ಲಿಸಿದ್ದೇನೆ ಅಂದೆ. "ಹ್ಞೂ" ಅಂದರು. ಆಮೇಲೆ, "ಹಗ್ಗದ್ ಮೇಲೆ ಗೋಣಿಚೀಲ ಹಾಕಿದ್ಯಾ?" ಅಂದರು. ಆ ಘಟನೆ ಆದ ಮೇಲೆ ಅವರು ಹಾಗೆ ಮಾಡುತ್ತಿದ್ದರಂತೆ. ಎಳೆಯುವ ಮುಂಚೆ ಹಗ್ಗದ ನಡುವೆ ಎರಡು ಒದ್ದೆ ಗೋಣಿಚೀಲ ಹೊದಿಸುವುದು. ಕಡಿದರೆ ಆ ಭಾರ ಹಗ್ಗವನ್ನು ನೆಲಕ್ಕೆ ಕೆಡವುತ್ತದೆ, ಮೇಲೆ ಹಾರಲು ಬಿಡುವುದಿಲ್ಲ.

ಯಾವ ಸೇನೆಯ ಗಾಡಿಯ ಚಿತ್ರದಲ್ಲೂ ನಾನು ಗೋಣಿಚೀಲ ನೋಡಿಲ್ಲ. ಆದರೂ ಹಾಕುತ್ತಿದ್ದೇನೆ. ತೂಕ ಎಷ್ಟು ಕೊಡಬೇಕು ಅಂತ ಮೊನ್ನೆ ಕೆಳಗಿನ ಅಂಗಡಿಯಿಂದ ಒಂದು ಖಾಲಿ ಗೋಣಿಚೀಲ ಕೇಳಿ ತಂದು, ತರಕಾರಿ ತೂಗುವ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿದೆ. ಒಣಗಿದ್ದಾಗ ಒಂದು ಕೆಜಿಗೆ ಸ್ವಲ್ಪ ಕಡಿಮೆ. ಈಗ ಬಚ್ಚಲಿನ ಬಕೆಟ್ಟಿನಲ್ಲಿ ನೆನೆಯುತ್ತಿದೆ. ಬೆಳಿಗ್ಗೆ ಸ್ನಾನಕ್ಕೆ ಹೋದ ರೂಮ್‌ಮೇಟ್ ಬಕೆಟ್ಟಿನೊಳಗೆ ಬಗ್ಗಿ ನೋಡಿ, ಏನೂ ಕೇಳದೆ, ಆಫೀಸಿನಲ್ಲೇ ಸ್ನಾನ ಮಾಡುತ್ತೇನೆ ಅಂತ ಹೊರಟುಹೋದ.